ಒಪ್ಪಿದರೋ, ಒಪ್ಪಿಸಿದರೋ?

ಚುನಾವಣೆಗೆ ಆರೇಳು ತಿಂಗಳಿರುವಾಗ ನನಗೆ ಬರುವ ಫೋನ್‌ಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಮಾತಾಡುವವರು ನಾಯಕರಲ್ಲ, ಅವರ ಜೊತೆಗಿರುವ ಯಾರೋ ಒಬ್ಬರು. "ನಮ್ಮ ಸಾಹೇಬ್ರು ತುಂಬಾ ಸಾಫ್ಟ್. ಜನ ವೀಕ್ ಅಂದ್ಕೊಂಡಿದಾರೆ. ಸ್ವಲ್ಪ ಖಡಕ್ಕಾಗಿ ಮಾತಾಡೋದು ಕಲಿಸಿಕೊಡಿ." ಕಳೆದ ವಾರವೂ ಇಂಥದ್ದೊಂದು ಬಂತು. ಅದಕ್ಕೇ ಈ ಅಂಕಣ.

ನಾನು ಭಾಷಣ ಕಲಿಸುವವನಲ್ಲ. ಮತದಾರರ ಮಾತು ಕೇಳುವವನು. ಎಂಟು ಹತ್ತು ಜನರನ್ನು ಒಂದು ಕೋಣೆಯಲ್ಲಿ ಕೂರಿಸಿ, ಎರಡು ಗಂಟೆ ಮಾತಾಡಿಸಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ಇಪ್ಪತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ, ಮೆಲುದನಿಯ ನಾಯಕರ ಬಗ್ಗೆ ಅವರ ಆಪ್ತರಿಗೆ ನಾನು ಹೇಳಿ ಹೇಳಿ ಸೋತಿರುವ ವಿಷಯ ಒಂದೇ. ಜನ "ಅವರು ಮೆತ್ತಗೆ" ಅಂದಾಗ ಅವರು ದನಿಯ ಬಗ್ಗೆ ಮಾತಾಡುತ್ತಿರುವುದಿಲ್ಲ.

ಹಾಗಾದರೆ ಯಾವುದರ ಬಗ್ಗೆ? ಆ ಮಾತು ಬಂದ ಕೂಡಲೇ ನಾನು ಕೇಳುತ್ತೇನೆ, "ಯಾಕೆ ಹಾಗನ್ನಿಸ್ತು? ಒಂದು ಉದಾಹರಣೆ ಕೊಡಿ." ಆಗ "ಅವರು ಗಟ್ಟಿಯಾಗಿ ಮಾತಾಡಲ್ಲ" ಅನ್ನುವವರು ತೀರಾ ಕಡಿಮೆ. ಬರುವ ಉತ್ತರಗಳೇ ಬೇರೆ. "ಅವರದ್ದೇನೂ ನಡೆಯಲ್ಲ ಸರ್." "ಮೇಲಿಂದ ಒಂದು ಫೋನ್ ಬಂದ್ರೆ ಮುಗೀತು." "ಸಹಿ ಇವರದ್ದು, ತೀರ್ಮಾನ ಬೇರೆಯವರದ್ದು." ಒಂದರಲ್ಲಾದರೂ ದನಿಯ ಪ್ರಸ್ತಾಪ ಇದೆಯಾ?

ಇಲ್ಲಿ ಕ್ರಿಯಾಪದಗಳನ್ನು ಗಮನಿಸಬೇಕು. ನನ್ನ ಜೊತೆ ಕೆಲಸ ಮಾಡುವ ಹುಡುಗರಿಗೆ ಮೊದಲ ದಿನವೇ ಇದನ್ನು ಹೇಳುತ್ತೇನೆ. ನಾಯಕರೊಬ್ಬರು ಯಾವುದೋ ವಿಷಯದಲ್ಲಿ ರಾಜಿಗೆ ಬಂದಿದ್ದಾರೆ ಅಂದುಕೊಳ್ಳಿ. ಅದೇ ಘಟನೆಯನ್ನು ಜನ ಮೂರು ಥರ ಹೇಳುತ್ತಾರೆ. "ಅವರು ಒಪ್ಪಿದರು." "ಅವರನ್ನು ಒಪ್ಪಿಸಿದರು." "ಅವರು ಒಪ್ಪಿಕೊಂಡುಬಿಟ್ಟರು." ಮೊದಲನೆಯದರಲ್ಲಿ ತೀರ್ಮಾನ ನಾಯಕರದು. ಎರಡನೆಯದರಲ್ಲಿ ಇನ್ಯಾರದೋ, ನಾಯಕರು ಸುಮ್ನೆ ಅಲ್ಲಿದ್ದರು ಅಷ್ಟೇ. ಮೂರನೆಯದರಲ್ಲಿ ಆ "ಕೊಂಡು" ಇದೆಯಲ್ಲ, ಅದರಲ್ಲಿ ಹಲವು ಸಲ ಒಂದು ಅನುಮಾನ ಅಡಗಿರುತ್ತದೆ. ಇದರಿಂದ ಇವರಿಗೇ ಏನೋ ಸಿಕ್ಕಿರಬೇಕು, ಬಹುಶಃ ಕುರ್ಚಿ ಉಳಿದಿರಬೇಕು, ಅಂತ. "ಬಿಟ್ಟುಕೊಟ್ಟರು" ಮತ್ತು "ಕಿತ್ತುಕೊಂಡರು" ಕೂಡ ಹೀಗೇ. ಕೈಬಿಟ್ಟು ಹೋದದ್ದು ಒಂದೇ ವಸ್ತು. ಆದರೆ ಕೊಟ್ಟವರಿಗೆ ಜನರಲ್ಲಿ ಒಂದು ಗೌರವ ಇರುತ್ತದೆ, ಕಳೆದುಕೊಂಡವರಿಗೆ ಹೆಚ್ಚೆಂದರೆ ಅಯ್ಯೋ ಪಾಪ ಸಿಗುತ್ತದೆ. ಪಾಪ ಅಂದವರೆಲ್ಲ ವೋಟು ಹಾಕುವುದಿಲ್ಲ.

ನನ್ನ ಟಿಪ್ಪಣಿಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ರಾಜಿ ಇಷ್ಟವಾಯಿತೋ ಇಲ್ಲವೋ ಅನ್ನುವುದು ಆಮೇಲೆ. ಜನ ಆ ವಾಕ್ಯದಲ್ಲಿ ನಾಯಕರನ್ನು ಎಲ್ಲಿ ಕೂರಿಸಿದ್ದಾರೆ? ಮಾಡಿದವರ ಜಾಗದಲ್ಲೋ, ಮಾಡಿಸಿಕೊಂಡವರ ಜಾಗದಲ್ಲೋ? "ನನಗೆ ಆ ಒಪ್ಪಂದ ಸರಿ ಅನ್ನಿಸಲಿಲ್ಲ, ಆದ್ರೆ ಅವರು ಯೋಚನೆ ಮಾಡೇ ಒಪ್ಪಿದ್ದಾರೆ" ಅನ್ನುವ ಮತದಾರ ಇನ್ನೂ ಕೈಬಿಟ್ಟುಹೋಗಿಲ್ಲ. "ಒಪ್ಪಂದ ಒಳ್ಳೇದೇ, ಆದ್ರೆ ಇವರ ಕೈಲಿ ಮಾಡಿಸಿದ್ರು" ಅನ್ನುವವನು ಹೆಚ್ಚುಕಮ್ಮಿ ಹೋಗಿಯೇ ಬಿಟ್ಟ.

ಇದಕ್ಕೆ ಮನಮೋಹನ್ ಸಿಂಗ್ ಅವರಿಗಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಅವರ ದನಿ ಹತ್ತು ವರ್ಷವೂ ಒಂದೇ ಇತ್ತು. 2008ರಲ್ಲಿ ಅಮೆರಿಕದ ಜೊತೆಗಿನ ಅಣು ಒಪ್ಪಂದವನ್ನು ಕೈಬಿಡಲು ಅವರು ತಯಾರಿರಲಿಲ್ಲ. ಎಡಪಕ್ಷಗಳು ಬೆಂಬಲ ವಾಪಸ್ ತೆಗೆದುಕೊಂಡವು. ಸರ್ಕಾರವೇ ಉರುಳಬಹುದಿತ್ತು. ಜುಲೈ 22ರಂದು ಲೋಕಸಭೆಯಲ್ಲಿ 275ಕ್ಕೆ 256 ಮತಗಳಿಂದ ವಿಶ್ವಾಸಮತ ಗೆದ್ದರು. ಅವತ್ತು ಸದನದಲ್ಲಿ ನೋಟಿನ ಕಂತೆಗಳ ಪ್ರದರ್ಶನವೂ ಆಯಿತು, ಮತಕ್ಕಾಗಿ ಲಂಚ ಕೊಟ್ಟರು ಅನ್ನುವ ಆರೋಪಗಳು ಬಹುಕಾಲ ಉಳಿದವು. ಆ ಕಲೆಯನ್ನು ನಾನು ಮರೆಮಾಚುತ್ತಿಲ್ಲ. ಆದರೂ ಈ ಮನುಷ್ಯ ಒಂದು ವಿಷಯಕ್ಕಾಗಿ ಕುರ್ಚಿಯನ್ನೇ ಪಣಕ್ಕಿಟ್ಟರು ಅನ್ನುವುದು ಎಲ್ಲರಿಗೂ ಕಾಣಿಸಿತು. 2009ರ ಚುನಾವಣೆಯಲ್ಲಿ ಎದುರಾಳಿಗಳು "ದುರ್ಬಲ ಪ್ರಧಾನಿ" ಅಂತ ಸಾರಿ ಸಾರಿ ಹೇಳಿದರು. ಕಾಂಗ್ರೆಸ್‌ಗೆ 206 ಸೀಟು ಬಂತು. 2004ರಲ್ಲಿ ಬಂದಿದ್ದು 145.

ಆಮೇಲೆ? 2011ರ ಫೆಬ್ರವರಿಯಲ್ಲಿ ಟಿವಿ ಸಂಪಾದಕರ ಮುಂದೆ ಕೂತು, ಮೈತ್ರಿ ಸರ್ಕಾರದಲ್ಲಿ ಕೆಲವು ಹೊಂದಾಣಿಕೆ ಮಾಡಿಕೊಳ್ಳಬೇಕಾಗುತ್ತದೆ ಅನ್ನುವ ಅರ್ಥದ ಮಾತಾಡಿದರು. ಅದು ಸುಳ್ಳಲ್ಲ. ಮೈತ್ರಿ ಸರ್ಕಾರ ನಡೆಸಿದ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಆದರೆ ಕೇಳುವವರ ಕಿವಿಗೆ ಅದು ಹೇಗೆ ಬಿತ್ತು? "ನನ್ನಿಂದ ಮಾಡಿಸಿದರು" ಅಂತ. 2013ರ ಸೆಪ್ಟೆಂಬರ್‌ನಲ್ಲಿ, ಅವರು ಅಮೆರಿಕ ಪ್ರವಾಸದಲ್ಲಿದ್ದಾಗ, ಅವರ ಸಂಪುಟ ಒಪ್ಪಿದ್ದ ಸುಗ್ರೀವಾಜ್ಞೆಯನ್ನು ಹರಿದು ಎಸೆಯಬೇಕು ಅಂತ ರಾಹುಲ್ ಗಾಂಧಿ ಎಲ್ಲರ ಎದುರೇ ಹೇಳಿದರು. ಶಿಕ್ಷೆಯಾದ ಜನಪ್ರತಿನಿಧಿಗಳನ್ನು ಉಳಿಸುವ ಆ ಸುಗ್ರೀವಾಜ್ಞೆ ಹೋಗಬೇಕಾದದ್ದೇ. ಆದರೆ ಹೋದ ರೀತಿ ನೋಡಿ. ಕೆಲವೇ ದಿನಗಳಲ್ಲಿ ಸಂಪುಟ ಅದನ್ನು ಹಿಂದಕ್ಕೆ ಪಡೆಯಿತು. 2014ರಲ್ಲಿ ಪಕ್ಷಕ್ಕೆ ಬಂದದ್ದು 44 ಸೀಟು.

ಇಲ್ಲಿ ಒಂದು ಎಚ್ಚರಿಕೆ. 2009ರ ಗೆಲುವು ಅಣು ಒಪ್ಪಂದದಿಂದ ಬಂತು ಅಂತ ನಾನು ಹೇಳುತ್ತಿಲ್ಲ. ರೈತರ ಸಾಲಮನ್ನಾ ಇತ್ತು, ಉದ್ಯೋಗ ಖಾತ್ರಿ ಇತ್ತು, ರಾಜ್ಯ ರಾಜ್ಯದ ಲೆಕ್ಕಾಚಾರವೇ ಬೇರೆ ಇತ್ತು. 2014ರಲ್ಲಿ ಬೆಲೆ ಏರಿಕೆ, ಹಗರಣಗಳು, ಎದುರಿಗೆ ಬಲವಾದ ಅಭ್ಯರ್ಥಿ ಎಲ್ಲವೂ ಇದ್ದವು. ಒಂದೇ ಕಾರಣಕ್ಕೆ ಚುನಾವಣೆ ಗೆದ್ದೆವು ಸೋತೆವು ಅನ್ನುವ ಸಲಹೆಗಾರರನ್ನು ನಂಬಬೇಡಿ, ಅದು ನಾನಾಗಿದ್ದರೂ ಸರಿ. ನಾನು ಹೇಳುವುದು ಇಷ್ಟೇ. ದನಿ ಬದಲಾಗಲಿಲ್ಲ, ಜನರ ತೀರ್ಪು ಬದಲಾಯಿತು. ಹಾಗಿದ್ದಾಗ ದನಿಗೆ ಚಿಕಿತ್ಸೆ ಮಾಡಿ ಏನು ಪ್ರಯೋಜನ?

ದನಿ ಲೆಕ್ಕಕ್ಕೇ ಇಲ್ಲ ಅಂತಲೂ ಅಲ್ಲ. 2012ರಲ್ಲಿ ಅಮೆರಿಕದ ಸಂಶೋಧಕರು ಒಂದೇ ವಾಕ್ಯವನ್ನು ರೆಕಾರ್ಡ್ ಮಾಡಿ, ಅದರ ಸ್ಥಾಯಿಯನ್ನು (ಪಿಚ್) ಏರಿಸಿ ಇಳಿಸಿ ಜನರಿಗೆ ಕೇಳಿಸಿದರು. ಜನ ಹೆಚ್ಚಾಗಿ ತಗ್ಗಿನ ಸ್ಥಾಯಿಯ, ಗಡಸು ದನಿಯನ್ನೇ ಆರಿಸಿದರು. ಆದರೆ ಅದು ಪರಿಚಯವೇ ಇಲ್ಲದ ದನಿ. ವರ್ಷಗಟ್ಟಲೆ ನೋಡಿದ ನಾಯಕರ ವಿಷಯದಲ್ಲಿ ಜನರ ಹತ್ತಿರ ಬೇರೆ ಮಾಹಿತಿ ಬೇಕಾದಷ್ಟಿರುತ್ತದೆ. ಇನ್ನೊಂದು ಮಾತು. ತಗ್ಗಿನ ಸ್ಥಾಯಿಯ ದನಿ ಬೇರೆ, ಜೋರು ದನಿ ಬೇರೆ. ನನಗೆ ಫೋನ್ ಮಾಡುವವರು ಕೇಳುವುದು ಜೋರು ದನಿಯನ್ನೇ.

ಜೋರು ಮಾಡಿ ನೋಡಿದವರ ಕಥೆ ಬೇಕಾದರೆ ಬ್ರಿಟನ್ ಕಡೆ ನೋಡಿ. ಇಯಾನ್ ಡಂಕನ್ ಸ್ಮಿತ್ ಕನ್ಸರ್ವೇಟಿವ್ ಪಕ್ಷದ ನಾಯಕರಾಗಿದ್ದಾಗ, 2002ರಲ್ಲಿ, ಮೌನಿಯ ಛಲವನ್ನು ಕಡೆಗಣಿಸಬೇಡಿ ಅಂದರು. ಆ ಮಾತು ಅವರಿಗೆ ಹೊಂದುತ್ತಿತ್ತು. ಮರುವರ್ಷ ಅಕ್ಟೋಬರ್‌ನಲ್ಲಿ, ಈ ಮೌನಿ ಈಗ ವಾಲ್ಯೂಮ್ ಏರಿಸುತ್ತಿದ್ದಾನೆ ಅಂತ ಪಕ್ಷದ ಸಮಾವೇಶದಲ್ಲಿ ಘೋಷಿಸಿದರು. ಅದೇ ತಿಂಗಳ 29ರಂದು ಅವರದೇ ಸಂಸದರು 90ಕ್ಕೆ 75 ಮತಗಳಿಂದ ಅವರನ್ನು ಇಳಿಸಿದರು. 2015ರಲ್ಲಿ ಲೇಬರ್ ಪಕ್ಷದ ಎಡ್ ಮಿಲಿಬ್ಯಾಂಡ್ ಟಿವಿ ಸಂದರ್ಶನದಲ್ಲಿ, ನಾನು ಗಟ್ಟಿ ಇದ್ದೇನೆ ಅಂತ ಒತ್ತಿ ಹೇಳಿದರು. ಆ ಮಾತನ್ನು ಜನ ಆಡಿಕೊಂಡರು, ಚುನಾವಣೆ ಸೋತರು. ಗಟ್ಟಿ ಇದ್ದೇನೆ ಅಂತ ಬಾಯಿ ಬಿಟ್ಟು ಹೇಳಬೇಕಾಗಿ ಬಂದಾಗಲೇ ಕೇಳುವವರಿಗೆ ಅನುಮಾನ ಶುರುವಾಗುತ್ತದೆ.

ಇದಕ್ಕಿಂತ ಅಪಾಯದ ದಾರಿ ಇನ್ನೊಂದಿದೆ. ಮೆತ್ತಗಿನವರು ಅನ್ನುವ ಹೆಸರು ಅಳಿಸಲು ದೊಡ್ಡದೊಂದು ಶಪಥ ಮಾಡಿಸುವುದು. 1987ರಲ್ಲಿ ಜಾರ್ಜ್ ಬುಷ್ (ತಂದೆ) ಅವರನ್ನು ಒಂದು ಪ್ರಮುಖ ಅಮೆರಿಕನ್ ವಾರಪತ್ರಿಕೆ ಮುಖಪುಟದಲ್ಲೇ ಪುಕ್ಕಲು ಅನ್ನುವ ಧಾಟಿಯಲ್ಲಿ ಚರ್ಚಿಸಿತು. ಎರಡನೇ ಮಹಾಯುದ್ಧದಲ್ಲಿ ಯುದ್ಧವಿಮಾನ ಹಾರಿಸಿದ್ದ ಮನುಷ್ಯ ಅವರು! ಮರುವರ್ಷ ಆಗಸ್ಟ್‌ನಲ್ಲಿ ಅವರು ಪಕ್ಷದ ವೇದಿಕೆಯಲ್ಲಿ, ನನ್ನ ತುಟಿ ನೋಡಿ, ಹೊಸ ತೆರಿಗೆ ಇಲ್ಲ ಅಂದರು. ಗೆದ್ದರು. 1990ರಲ್ಲಿ ಬಜೆಟ್ ಕೊರತೆ ಬೆಳೆದಾಗ ಎದುರು ಪಕ್ಷದ ಜೊತೆ ಕೂತು ತೆರಿಗೆ ಏರಿಸಲು ಒಪ್ಪಿದರು. ಆ ರಾಜಿ ದೇಶದ ಲೆಕ್ಕಪತ್ರಕ್ಕೆ ಒಳ್ಳೆಯದೇ ಆಯಿತು ಅಂತ ಇವತ್ತು ಹೇಳುವವರು ಬಹಳ ಜನ ಇದ್ದಾರೆ, ನಾನೂ ಅವರಲ್ಲೊಬ್ಬ. ಆದರೆ ಆ ಬದಲಾವಣೆಯನ್ನು ಜನರಿಗೆ ಮೊದಲು ತಿಳಿಸಿದ್ದು ಒಂದು ಚಿಕ್ಕ ಲಿಖಿತ ಹೇಳಿಕೆ. ತುಟಿ ನೋಡಿ ಅಂದವರು, ತುಟಿ ಬಿಚ್ಚಿ ವಿವರಿಸಬೇಕಾದ ದಿನ ಕಾಗದ ಕಳಿಸಿದರು. 1992ರಲ್ಲಿ ಸೋತರು. ಶಪಥ ಮಾಡಿಸಿದ ಸಲಹೆಗಾರರಿಗೆ ಅದರ ಬೆಲೆ ತಟ್ಟುವುದಿಲ್ಲ, ಅಲ್ವಾ? ಅದಕ್ಕೇ ನನಗೆ ಸಿಟ್ಟು ಬರುವುದು.

ಹಾಗಾದರೆ ರಾಜಿಯನ್ನು ಜನ ಒಪ್ಪುವುದು ಯಾವಾಗ? ನಾನು ಕೇಳಿಸಿಕೊಂಡ ಮಟ್ಟಿಗೆ, ಕೊಟ್ಟದ್ದರ ಸುದ್ದಿ ಕೊಟ್ಟವರ ಬಾಯಿಂದಲೇ ಬಂದಾಗ. ಅದೂ ಬೇರೆಯವರು ಹೇಳುವ ಮೊದಲು. ಮತ್ತು ಹಿಂದೆ ಎಲ್ಲೋ ಒಂದು ಕಡೆ ಆ ನಾಯಕರು "ಆಗಲ್ಲ" ಅಂದದ್ದು ಜನರ ನೆನಪಿನಲ್ಲಿದ್ದಾಗ.

ಲಾಲ್ ಬಹದ್ದೂರ್ ಶಾಸ್ತ್ರಿಯವರನ್ನೇ ನೋಡಿ. 1956ರಲ್ಲಿ ಅರಿಯಲೂರು ರೈಲು ದುರಂತ ನಡೆದಾಗ ರೈಲ್ವೆ ಮಂತ್ರಿಯಾಗಿದ್ದ ಅವರು ಹೊಣೆ ಹೊತ್ತು ಕುರ್ಚಿ ಬಿಟ್ಟರು. ಯಾರೂ ಕಿತ್ತುಕೊಂಡದ್ದಲ್ಲ. 1965ರ ಆರಂಭದಲ್ಲಿ ಹಿಂದಿ ವಿರೋಧಿ ಚಳವಳಿ ಮದ್ರಾಸ್ ರಾಜ್ಯದಲ್ಲಿ ಹೊತ್ತಿ ಉರಿಯಿತು, ಜೀವಗಳು ಹೋದವು, ಇಬ್ಬರು ಕೇಂದ್ರ ಮಂತ್ರಿಗಳು ರಾಜೀನಾಮೆ ಕೊಟ್ಟರು. ಫೆಬ್ರವರಿ 11ರಂದು ಶಾಸ್ತ್ರಿಯವರೇ ರೇಡಿಯೋದಲ್ಲಿ ಮಾತಾಡಿದರು. ಹಿಂದಿಯೇತರ ಜನ ಬಯಸುವಷ್ಟು ಕಾಲ ಆಡಳಿತದಲ್ಲಿ ಇಂಗ್ಲಿಷ್ ಇರುತ್ತದೆ ಅಂತ ಭರವಸೆ ಕೊಟ್ಟರು. ಅದು ಹಿಂದೆ ಸರಿದದ್ದೇ, ಅನುಮಾನ ಬೇಡ. ತಡವಾಗಿತ್ತು ಅಂತಲೂ ನನಗನ್ನಿಸುತ್ತದೆ. ಆದರೆ ಹೇಳಿದವರು ಅವರೇ. ಅದೇ ವರ್ಷ ಸೆಪ್ಟೆಂಬರ್ 6ರಂದು ಭಾರತದ ಸೇನೆ ಲಾಹೋರ್ ಕಡೆ ಅಂತರರಾಷ್ಟ್ರೀಯ ಗಡಿ ದಾಟಿತು. ಫೆಬ್ರವರಿಯಲ್ಲಿ ಹಿಂದೆ ಸರಿದವರು ಸೆಪ್ಟೆಂಬರ್‌ನಲ್ಲಿ ಆ ಆದೇಶ ಕೊಟ್ಟರು, ಅದೇ ತೆಳು ದನಿಯಲ್ಲಿ.

ಆ ಯುದ್ಧದ ಕೊನೆಗೆ ಪಾಕಿಸ್ತಾನದ ಜೊತೆ ಆದ ತಾಷ್ಕೆಂಟ್ ಒಪ್ಪಂದದ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. 1966ರ ಜನವರಿ 10ರಂದು ಸಹಿ ಹಾಕಿದರು. ಸೈನಿಕರು ಗೆದ್ದಿದ್ದ ಹಾಜಿ ಪೀರ್ ಕಣಿವೆಯನ್ನೂ ಬಿಟ್ಟುಕೊಡಬೇಕಾಯಿತು. ಅದೇ ರಾತ್ರಿ ಕಳೆಯುವುದರೊಳಗೆ ತೀರಿಕೊಂಡರು. ವಾಪಸ್ ಬಂದು, ಜನರ ಮುಂದೆ ನಿಂತು, ಯಾಕೆ ಕೊಟ್ಟೆ ಅಂತ ಹೇಳುವ ಅವಕಾಶವೇ ಅವರಿಗೆ ಸಿಗಲಿಲ್ಲ. ಅವರು ಒಪ್ಪಿದರೋ, ಒಪ್ಪಿಸಿದರೋ ಅನ್ನುವ ವಾದ ಇನ್ನೂ ನಿಂತಿಲ್ಲ.

ಮಹಿಳಾ ನಾಯಕರ ವಿಷಯದಲ್ಲಿ ನನ್ನ ಸಲಹೆ ಇಷ್ಟು ಸಲೀಸಲ್ಲ. ಮೆಲ್ಲಗೆ ಮಾತಾಡಿದರೆ ಅಶಕ್ತೆ, ಗಟ್ಟಿಯಾಗಿ ಮಾತಾಡಿದರೆ ಜಗಳಗಂಟಿ ಅನ್ನುವ ಮಾತನ್ನು ಒಂದೇ ಕೋಣೆಯಲ್ಲಿ, ಒಬ್ಬರ ಬಾಯಿಂದಲೇ ಕೇಳಿದ್ದೇನೆ. ಹೇಳಿದವರಲ್ಲಿ ಹೆಂಗಸರೂ ಇದ್ದರು. ಅಲ್ಲಿ ದನಿಯೂ ಲೆಕ್ಕಕ್ಕೆ ಬರುತ್ತದೆ, ಅನ್ಯಾಯವಾಗಿಯೇ ಬರುತ್ತದೆ. ಅದಕ್ಕೆ ಪ್ರತ್ಯೇಕವಾಗಿ ಬರೆಯುತ್ತೇನೆ.

ಕಳೆದ ವಾರದ ಫೋನ್‌ಗೆ ಏನು ಹೇಳಿದೆ ಅಂದರೆ, "ಸಾಹೇಬ್ರನ್ನೇ ಕರ್ಕೊಂಡು ಬನ್ನಿ, ಒಂದು ಪ್ರಶ್ನೆ ಇದೆ." ಕೆಲವು ವರ್ಷಗಳ ಹಿಂದೆ ಇಂಥದೇ ಒಬ್ಬ ಅಭ್ಯರ್ಥಿಯನ್ನು ನಾನು ಆ ಪ್ರಶ್ನೆ ಕೇಳಿದ್ದೆ. ಕುರ್ಚಿ ಹೋದರೂ ನೀವು ಬಿಟ್ಟುಕೊಡದೇ ಇರುವುದು ಯಾವುದು? ಪಕ್ಕದಲ್ಲಿದ್ದ ಮೂವರು ಆಪ್ತರು ಒಟ್ಟಿಗೆ ಬಾಯಿ ತೆರೆದರು. ನಾನು ಕೈ ಎತ್ತಿ ತಡೆದೆ. ಅಭ್ಯರ್ಥಿ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೇ ಒಂದು ವಿಷಯ ಹೇಳಿದರು, ನೆಲ ನೋಡುತ್ತಾ, ಪಕ್ಕದವರಿಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ. ಉಳಿದದ್ದರಲ್ಲಿ ಯಾವುದನ್ನು ಕೊಡಬಹುದು, ಯಾಕೆ ಕೊಡಬಹುದು ಅನ್ನುವುದನ್ನೂ ಹೇಳಿದರು. ಅವರ ಒಪ್ಪಿಗೆ ಪಡೆದು ಫೋನ್‌ನಲ್ಲೇ ರೆಕಾರ್ಡ್ ಮಾಡಿಕೊಂಡೆ.

ಆ ಚುನಾವಣೆಯಲ್ಲಿ ಅವರು ಸೋತರು. ಅಂತರ ದೊಡ್ಡದಿರಲಿಲ್ಲ. ಆದರೆ ಆ ರೆಕಾರ್ಡಿಂಗನ್ನು ಮತದಾರರ ಗುಂಪುಗಳಿಗೆ ಕೇಳಿಸಿದಾಗ ಏನಾಯಿತು ಅನ್ನುವುದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ. ಮೊದಲ ಗುಂಪಿನಲ್ಲಿ ಅರವತ್ತು ದಾಟಿದ ಒಬ್ಬ ತಾಯಿ ಇದ್ದರು. ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ರೆಕಾರ್ಡಿಂಗ್ ಶುರುವಾದ ಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡು, ಕಿವಿಯನ್ನು ಫೋನ್ ಹತ್ತಿರ ತಂದರು. ಮುಗಿದಾಗ ಪಕ್ಕದಲ್ಲಿ ಇಬ್ಬರು ಮಾತಾಡಲು ಶುರು ಮಾಡಿದರು. ಅವರನ್ನು ಸುಮ್ಮನಿರಿಸಿ ಆಕೆ ನನ್ನ ಕಡೆ ತಿರುಗಿದರು. "ಇನ್ನೊಂದ್ಸಲ ಹಾಕಪ್ಪ," ಅಂದರು. "ಕೊಡಲ್ಲ ಅಂದ್ರಲ್ಲ, ಅದನ್ನ ಸರಿಯಾಗಿ ಕೇಳಿಸ್ಕೋಬೇಕು."