ಮಾತ್ರೆಗೆ ಬಗ್ಗದ ಖಿನ್ನತೆ: ಕ್ಲಿನಿಕ್ ಶುರು ಮಾಡಲು ಮೊದಲು ಏನು ಬೇಕು?

ಪ್ರಶ್ನೆ: ಎಷ್ಟು ಮಾತ್ರೆ ಬದಲಾಯಿಸಿದರೂ ಖಿನ್ನತೆ ವಾಸಿಯಾಗದವರಿಗೆ ನಮ್ಮ ಟ್ರಸ್ಟ್ ಆಸ್ಪತ್ರೆಯಲ್ಲಿ ಪ್ರತ್ಯೇಕ ಸಲಹಾ ಕ್ಲಿನಿಕ್ ತೆರೆಯಬೇಕು ಅಂತಿದ್ದೇವೆ. ಮೊದಲು ಟಿಎಂಎಸ್ ಯಂತ್ರ (ತಲೆಯ ಹೊರಗಿನಿಂದ ಮೆದುಳಿಗೆ ಅಯಸ್ಕಾಂತೀಯ ಮಿಡಿತ ಕೊಡುವಂಥದ್ದು) ತರಿಸೋಣವಾ?

ಬೇಡ. ಆ ದುಡ್ಡು ಸದ್ಯಕ್ಕೆ ಹಾಗೇ ಇರಲಿ. ಮೊದಲು ಬೇಕಾದ್ದು ಅನುಭವ ಇರುವ ಮನೋವೈದ್ಯರ ಬಿಡುವಾದ ಒಂದು ಗಂಟೆ. ಗಡಿಬಿಡಿಯ ಓಪಿಡಿಯಲ್ಲಿ ಸಿಗದೇ ಇರೋದು ಅದೇ ಅಲ್ವಾ?

ಎರಡು ಬೇರೆ ಬೇರೆ ಔಷಧಗಳನ್ನು ಸರಿಯಾದ ಡೋಸಿನಲ್ಲಿ, ಸಾಕಷ್ಟು ವಾರ ಕೊಟ್ಟ ಮೇಲೂ ಗುಣ ಕಾಣದಿದ್ದರೆ ಸಾಮಾನ್ಯವಾಗಿ ಚಿಕಿತ್ಸೆಗೆ ಬಗ್ಗದ ಖಿನ್ನತೆ ಅನ್ನುತ್ತಾರೆ. ಎಡವುವುದು ಡೋಸು ಮತ್ತು ವಾರಗಳ ಲೆಕ್ಕದಲ್ಲೇ. ಮನೆಯವರು ಪ್ಲಾಸ್ಟಿಕ್ ಕವರ್ ತುಂಬ ಹಳೇ ಚೀಟಿ ತರುತ್ತಾರೆ. ಅವನ್ನು ತಾರೀಖಿನ ಪ್ರಕಾರ ಮೇಜಿನ ಮೇಲೆ ಜೋಡಿಸಿ. ಸರ್ಟ್ರಾಲಿನ್ ಅನ್ನುವ ಖಿನ್ನತೆಯ ಮಾತ್ರೆ 50 ಮಿಲಿಗ್ರಾಂನಲ್ಲಿ ಶುರುವಾಗಿ, ಹೊಟ್ಟೆ ತೊಳಸಿತು ಅಂತ 10 ದಿನಕ್ಕೇ ನಿಂತಿದೆಯಾ? ಹಾಗಾದರೆ ಅದು ಲೆಕ್ಕಕ್ಕಿಲ್ಲ. 200ರವರೆಗೆ ಏರಿಸಬಹುದಾದ ಔಷಧ ಅದು. ಕೆಲಸ ಮಾಡುತ್ತಾ ಇಲ್ಲವಾ ಅಂತ ಹೇಳಲು 4ರಿಂದ 6 ವಾರವಾದರೂ ಬೇಕು. ಮೂರು ಚೀಟಿಯಲ್ಲಿ ಮೂರು ಬ್ರ್ಯಾಂಡ್ ಇದ್ದು, ಒಳಗಿನ ಔಷಧ ಮಾತ್ರ ಒಂದೇ ಆಗಿರುವುದೂ ಉಂಟು!

ಆಮೇಲೆ ಕಾಯಿಲೆಯೇ ಬೇರೆಯಾ ಅಂತ ನೋಡಬೇಕು. ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆ, ಕುಡಿತ ಇವನ್ನು ಹುಡುಕುವುದು ಸುಲಭ. ಖಿನ್ನತೆಯೂ ಅತಿಯಾದ ಹುರುಪೂ ಬಂದು ಹೋಗುವ ಬೈಪೋಲಾರ್ ಕಾಯಿಲೆ ಹಾಗಲ್ಲ. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡ ಅನ್ನುವಷ್ಟು ಹುರುಪು, ಸಿಕ್ಕಾಪಟ್ಟೆ ಖರ್ಚು ಇತ್ತಾ ಅಂತ ಹೆಂಡತಿಯನ್ನೋ ಅಣ್ಣನನ್ನೋ ಕೇಳಬೇಕು. ಎಷ್ಟೋ ಸಲ ರೋಗಿಗೆ ಅವು ತನ್ನ ಒಳ್ಳೇ ದಿನಗಳು ಅನ್ನಿಸಿರುತ್ತವೆ, ಹಾಗಾಗಿ ಹೇಳುವುದೇ ಇಲ್ಲ. ಇನ್ನು ಮನೆಯಲ್ಲಿ ಹೊಡೆತ, ಸಾಲದವರ ಕಾಟ ಇದ್ದರೆ ಮಾತ್ರೆ ಒಂದೇ ಏನು ಮಾಡೀತು? ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಇಲ್ಲದ ತಂಡ ಅರೆಬರೆ ತಂಡ.

ಇಷ್ಟೆಲ್ಲ ಆದ ಮೇಲೆ ಈಗಿನ ಮಾತ್ರೆ ಜೊತೆಗೆ ಲಿಥಿಯಂ (ಮನಸ್ಥಿತಿಯ ಏರಿಳಿತ ತಡೆಯುವ ಔಷಧ) ಸೇರಿಸುವುದು, ಇಸಿಟಿ (ಮೆದುಳಿಗೆ ಅಲ್ಪ ಹೊತ್ತು ವಿದ್ಯುತ್ ಹಾಯಿಸುವ ಚಿಕಿತ್ಸೆ), ಟಿಎಂಎಸ್, ಕೆಟಮಿನ್ (ಅರಿವಳಿಕೆಗೆ ಬಳಸುವ ಔಷಧ) ವಿಚಾರ. ಲಿಥಿಯಂ ಕೊಡುವುದಾದರೆ ರಕ್ತದಲ್ಲಿ ಅದರ ಮಟ್ಟ ಅಳೆಯುವ ಲ್ಯಾಬ್ ಹತ್ತಿರದಲ್ಲಿರಬೇಕು. ಇಸಿಟಿ ಅಂದ ಕೂಡಲೇ ಜನ ಸಿನಿಮಾದ ಕರೆಂಟ್ ಶಾಕ್ ನೆನೆದು ಹೆದರುತ್ತಾರೆ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಅದನ್ನು ಕೊಡುವಂತೆಯೇ ಇಲ್ಲ. ತೀವ್ರ ಖಿನ್ನತೆಗೆ ಇವತ್ತಿಗೂ ತುಂಬ ಬಲವಾದ ಚಿಕಿತ್ಸೆ ಅದು. ಇವೆಲ್ಲ ನಿಮ್ಮಲ್ಲೇ ಇರಬೇಕು ಅಂತೇನಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್‌ನಂಥ ದೊಡ್ಡ ಮಾನಸಿಕ ಆಸ್ಪತ್ರೆ ಜೊತೆ ಮೊದಲೇ ಮಾತಾಡಿಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ನೋಡಿದ ಮೇಲೆ ರೋಗಿಯನ್ನು ಕಳಿಸಿದ ವೈದ್ಯರ ಹತ್ತಿರವೇ ವಾಪಸ್ ಕಳಿಸಿ, ಜೊತೆಗೆ ಒಂದು ಪುಟದ ಪತ್ರ: ಈಗ ಏನು ಮಾಡಬೇಕು, ಅದು ಹಿಡಿಯದಿದ್ದರೆ ಮುಂದೇನು. ಎಲ್ಲರನ್ನೂ ನೀವೇ ಇಟ್ಟುಕೊಂಡರೆ ಸ್ವಲ್ಪ ದಿನಕ್ಕೇ ಹೊಸಬರಿಗೆ ಜಾಗ ಇರಲ್ಲ. ಸಾಯುವ ಮಾತಾಡುವವರನ್ನು ಮಾತ್ರ ಸರದಿಯಲ್ಲಿ ಕಾಯಿಸಬೇಡಿ, ಅವತ್ತೇ ನೋಡಿ. ರಾತ್ರಿ ಹೊತ್ತು ಕರೆ ಮಾಡಲು ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಪ್ರತಿ ಚೀಟಿಯ ಮೇಲೂ ಅಚ್ಚು ಹಾಕಿಸಿ.