ಗೇಟಿನ ಲೆಕ್ಕ ಮೊದಲು, ವೇದಿಕೆಯ ಮಾತು ಆಮೇಲೆ

ಸಾರ್ವಜನಿಕ ಕಾರ್ಯಕ್ರಮದ ಮೊದಲ ಸಭೆಯಲ್ಲಿ ಮಾತೆಲ್ಲ ವೇದಿಕೆಯ ಸುತ್ತಲೇ ತಿರುಗುತ್ತದೆ. ಯಾರನ್ನು ಕರೆಯೋಣ, ಹಿಂದಿನ ಬ್ಯಾನರ್ ಯಾವ ಬಣ್ಣದ್ದಿರಲಿ, ಮೊದಲು ಯಾರು ಮಾತಾಡಲಿ. ಜನ ಎಲ್ಲಿಂದ ಒಳಗೆ ಬರುತ್ತಾರೆ, ಎಷ್ಟು ಹೊತ್ತು ಸಾಲಿನಲ್ಲಿ ನಿಲ್ಲುತ್ತಾರೆ, ಮುಗಿದ ಮೇಲೆ ಯಾವ ದಾರಿಯಲ್ಲಿ ಹೊರಡುತ್ತಾರೆ ಎಂಬ ವಿಚಾರ ಕೊನೆಯ ವಾರಕ್ಕೆ ಉಳಿದುಬಿಡುತ್ತದೆ. ಅಷ್ಟರಲ್ಲಿ ಜಾಗಕ್ಕೆ ಮುಂಗಡ ಕೊಟ್ಟಾಗಿರುತ್ತದೆ, ಪೋಸ್ಟರ್ ಅಚ್ಚಾಗಿರುತ್ತದೆ, ತಿದ್ದಲು ಏನೂ ಉಳಿದಿರುವುದಿಲ್ಲ. ಭಾಷಣ ಸಪ್ಪೆಯಾದರೆ ಜನ ಮರೆತಾರು, ಬಿಸಿಲಲ್ಲಿ ಮುಕ್ಕಾಲು ಗಂಟೆ ಸಾಲು ನಿಂತದ್ದನ್ನು ಮರೆಯುವುದಿಲ್ಲ. ಆದ್ದರಿಂದ ಯೋಜನೆ ಗೇಟಿನಿಂದ ಶುರುವಾಗಿ ವೇದಿಕೆಯ ಕಡೆಗೆ ಬರಬೇಕು.

ಜಾಗದ ಲೆಕ್ಕದಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ಮೈದಾನದ ಒಟ್ಟು ಅಳತೆ ನೋಡಿ ಜನರ ಸಂಖ್ಯೆ ಹೇಳಿಬಿಡುವುದು. 2,000 ಚದರ ಮೀಟರಿನ ಮೈದಾನದಲ್ಲಿ ವೇದಿಕೆ, ಅದರ ಹಿಂಬದಿ, ಸೌಂಡಿನವರ ಮೇಜು, ಮಳಿಗೆಗಳು, ಶೌಚಾಲಯ, ಆಂಬುಲೆನ್ಸ್ ದಾರಿ, ಕಂಬಕ್ಕೋ ಮರಕ್ಕೋ ಮರೆಯಾಗಿ ವೇದಿಕೆಯೇ ಕಾಣದ ಮೂಲೆಗಳು ಎಲ್ಲವನ್ನೂ ಕಳೆದರೆ ಜನ ನಿಲ್ಲುವುದಕ್ಕೆ ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಪುಣ್ಯ. ಉಳಿದ ಆ ಜಾಗದಲ್ಲಿ ಚದರ ಮೀಟರಿಗೆ ಇಬ್ಬರಿದ್ದರೆ ಆರಾಮ, ನಡುವೆ ತೂರಿಕೊಂಡು ಓಡಾಡಬಹುದು. ನಾಲ್ವರಾದರೆ ಮೈಗೆ ಮೈ ತಾಗುತ್ತದೆ, ನಿಂತು ನೋಡುವವರಿಗೆ ಅದೇ ಮಿತಿ ಎಂದಿಟ್ಟುಕೊಳ್ಳಿ. ಐದು ದಾಟಿದರೆ ಅಪಾಯ. ಆರೇಳಕ್ಕೆ ಮುಟ್ಟಿದಾಗ ಒಬ್ಬೊಬ್ಬರಿಗೆ ತಮ್ಮ ಕಾಲ ಮೇಲೆ ಹಿಡಿತವಿರುವುದಿಲ್ಲ. ಗುಂಪು ನೀರಿನಂತೆ ಅಲೆಯಾಡತೊಡಗುತ್ತದೆ, ಹಿಂದಿನ ತಳ್ಳಾಟವೆಲ್ಲ ಮುಂದಿನವರ ಎದೆಯ ಮೇಲೆ ಬೀಳುತ್ತದೆ. ಇಂಥ ದುರಂತಗಳಲ್ಲಿ ಹೆಚ್ಚಿನವರು ಸಾಯುವುದು ನಿಂತಲ್ಲೇ ಎದೆ ಅದುಮಿ ಉಸಿರುಗಟ್ಟಿ. ಕುರ್ಚಿ ಹಾಕುವುದಾದರೆ ನಡುವಿನ ದಾರಿಯೂ ಸೇರಿ ಕುರ್ಚಿಗೆ ಸುಮಾರು 0.7 ಚದರ ಮೀಟರ್ ಹಿಡಿಯಿರಿ. ಎರಡೂ ಕಡೆ ದಾರಿಯಿದ್ದರೂ ಒಂದು ಸಾಲಿನಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕುರ್ಚಿ ಬೇಡ. ಬಿಡಿ ಪ್ಲಾಸ್ಟಿಕ್ ಕುರ್ಚಿಗಳನ್ನು ನಾಲ್ಕೈದರಂತೆ ಸೇರಿಸಿ ಕಟ್ಟಿ. ಗಾಬರಿಯಲ್ಲಿ ಜನ ಎದ್ದಾಗ ಉರುಳಿದ ಕುರ್ಚಿಗಳೇ ಕಾಲಿಗೆ ತೊಡರುವುದು.

ಇನ್ನು ಗೇಟು. 3,000 ಜನ ಬರುತ್ತಾರೆ ಎಂದುಕೊಳ್ಳಿ. ಎರಡು ಗಂಟೆ ಮುಂಚೆಯೇ ಗೇಟು ತೆರೆದಿಟ್ಟರೂ ಅವರು ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಹತ್ತರಲ್ಲಿ ಏಳು ಜನ ಕೊನೆಯ ಮುಕ್ಕಾಲು ಗಂಟೆಯಲ್ಲಿ ಬಂದರೆ 45 ನಿಮಿಷದಲ್ಲಿ 2,100 ಜನ, ಅಂದರೆ ನಿಮಿಷಕ್ಕೆ 47. ಪಾಸ್ ನೋಡಿ, ಚೀಲ ತಪಾಸಣೆ ಮಾಡಿ ಒಬ್ಬರನ್ನು ಬಿಡಲು 8 ಸೆಕೆಂಡ್ ಹಿಡಿದರೆ ಒಂದು ಸಾಲಿನಲ್ಲಿ ನಿಮಿಷಕ್ಕೆ ಏಳೂವರೆ ಮಂದಿ ಒಳಗೆ ಹೋಗುತ್ತಾರೆ. ಏಳು ಸಾಲು ಬೇಕು, ಕೈಕೊಟ್ಟರೆ ಇರಲಿ ಎಂದು ಇನ್ನೊಂದು. ನಾಲ್ಕೇ ಸಾಲು ಇಟ್ಟರೆ? ನಿಮಿಷಕ್ಕೆ 30 ಜನ ಒಳಗೆ, 17 ಜನ ಹೊರಗೆ ಜಮೆ. ಕಾರ್ಯಕ್ರಮ ಶುರುವಾಗುವ ಹೊತ್ತಿಗೆ 750 ಜನ ಗೇಟಿನಾಚೆಯೇ ಇರುತ್ತಾರೆ. ಕೊನೆಯವರು ಒಳಬರುವಾಗ ಶುರುವಾಗಿ 25 ನಿಮಿಷ ಕಳೆದಿರುತ್ತದೆ. ಒಳಗಿನಿಂದ ಮೈಕಿನ ಸದ್ದು ಕೇಳಿದ ಕೂಡಲೇ ಈ 750 ಜನ ಮುಂದಕ್ಕೆ ಒತ್ತುತ್ತಾರೆ. ಗೇಟಿನ ಗಲಾಟೆ ಹುಟ್ಟುವುದು ಹೀಗೆ, ಅದಕ್ಕೆ ಜನರ ಶಿಸ್ತನ್ನು ದೂರಿ ಫಲವಿಲ್ಲ. 8 ಸೆಕೆಂಡ್ ಎಂಬುದನ್ನೂ ನಂಬಿ ಕೂರಬೇಡಿ. ಮುನ್ನಾದಿನ ಇಪ್ಪತ್ತು ಸ್ವಯಂಸೇವಕರಿಗೆ ಚೀಲ, ಪಾಸ್ ಕೊಟ್ಟು ಗೇಟು ದಾಟಿಸಿ, ಗಡಿಯಾರ ಹಿಡಿದು ನೋಡಿ. ಮೊಬೈಲಿನಲ್ಲಿ ಪಾಸ್ ತೋರಿಸುವವರು ಮೇಜಿನ ಮುಂದೆ ಬಂದಮೇಲೇ ಫೋನ್ ತೆಗೆದು ಹುಡುಕುತ್ತಾರೆ. ಸಾಲಿನಲ್ಲಿ ಹತ್ತು ಮೀಟರ್ ಹಿಂದೆಯೇ ಒಬ್ಬರನ್ನು ನಿಲ್ಲಿಸಿ "ಪಾಸ್ ತೆರೆದಿಟ್ಟುಕೊಳ್ಳಿ" ಎನ್ನಿಸಿದರೆ ತಲಾ ಎರಡು ಮೂರು ಸೆಕೆಂಡ್ ಉಳಿಯುತ್ತದೆ. ಪಾಸ್ ತಕರಾರು ಇರುವವರನ್ನು ಸಾಲಿನಲ್ಲೇ ನಿಲ್ಲಿಸಿಕೊಂಡು ವಾದಿಸಬಾರದು, ಪಕ್ಕದ ಮೇಜಿಗೆ ಕಳಿಸಬೇಕು.

ಬರುವಾಗ ಜನ ಎರಡು ಗಂಟೆಯಲ್ಲಿ ಬಂದರೆ, ಹೋಗುವಾಗ ಎಲ್ಲರೂ ಒಮ್ಮೆಲೇ ಏಳುತ್ತಾರೆ. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಸುಮಾರು 80 ಜನ ದಾಟಬಲ್ಲರು, ಮೆಟ್ಟಿಲಿದ್ದರೆ ಇನ್ನೂ ಕಡಿಮೆ. ಎಂಟು ನಿಮಿಷದಲ್ಲಿ 3,000 ಜನ ಖಾಲಿಯಾಗಬೇಕಾದರೆ 4.7 ಮೀಟರ್ ಅಗಲದ ದಾರಿ ಬೇಕು. ಆದರೆ ತುರ್ತಿನ ಹೊತ್ತಿನಲ್ಲಿ ಅತಿ ದೊಡ್ಡ ಬಾಗಿಲೇ ಬಂದ್ ಆಗಿದೆ ಎಂದು ಭಾವಿಸಿಕೊಂಡೇ ಲೆಕ್ಕ ಹಾಕುವುದು ನಿಯಮ. ಎರಡೂವರೆ ಮೀಟರಿನ ಮೂರು ಗೇಟು ಇದ್ದು ಒಂದು ಕೈತಪ್ಪಿದರೂ 5 ಮೀಟರ್ ಉಳಿಯುತ್ತದೆ, ಏಳೂವರೆ ನಿಮಿಷಕ್ಕೆ ಜಾಗ ಖಾಲಿ. ಈ ಗೇಟುಗಳಿಗೆ ಬೀಗ ಬೇಡ, ಕಾವಲಿಗೆ ಆಳು ಸಾಕು. ಬೀಗ ಹಾಕಲೇಬೇಕಾದರೆ ಕೀಲಿ ಗೇಟಿನಲ್ಲಿ ನಿಂತವರ ಕೈಯಲ್ಲೇ ಇರಲಿ, ಕಚೇರಿಯ ಮೇಜಿನ ಖಾನೆಯಲ್ಲಲ್ಲ.

ಬರುವ ದಾರಿ, ಹೋಗುವ ದಾರಿ ಒಂದೇ ಆಗಿರಕೂಡದು. 2010ರ ಜುಲೈ 24ರಂದು ಜರ್ಮನಿಯ ಡೂಯಿಸ್‌ಬರ್ಗ್‌ನಲ್ಲಿ ಲವ್ ಪರೇಡ್ ಸಂಗೀತೋತ್ಸವದಲ್ಲಿ 21 ಜನ ಸತ್ತದ್ದು ಇಂಥ ದಾರಿಯಲ್ಲಿ. ಸುರಂಗದ ಎರಡೂ ತುದಿಗಳಿಂದ ಬಂದವರು ಒಂದು ಇಳಿಜಾರಿನಲ್ಲಿ ಸೇರಬೇಕಿತ್ತು, ಮರಳುವವರೂ ಅದೇ ಇಳಿಜಾರಿಗೆ ಇಳಿದರು. ಮೈದಾನದೊಳಗೆ ಜಾಗವಿತ್ತು, ಇಕ್ಕಟ್ಟಾದದ್ದು ದಾರಿಯಲ್ಲಿ. ನಿಮ್ಮ ನಕಾಶೆಯ ಮೇಲೆ ಬರುವವರಿಗೆ ಒಂದು ಬಣ್ಣ, ಹೋಗುವವರಿಗೆ ಒಂದು ಬಣ್ಣ, ಆಂಬುಲೆನ್ಸಿಗೆ ಒಂದು ಬಣ್ಣದಲ್ಲಿ ಗೆರೆ ಎಳೆಯಿರಿ. ಗೆರೆಗಳು ಅಡ್ಡ ಹಾಯುವ ಪ್ರತಿ ಜಾಗವೂ ಒಂದು ಸಮಸ್ಯೆ. ಆಂಬುಲೆನ್ಸ್, ಅಗ್ನಿಶಾಮಕ ವಾಹನಕ್ಕೆ ಕನಿಷ್ಠ 4 ಮೀಟರ್ ಅಗಲ ಬಿಡಬೇಕು, ಮೇಲೆ ಕಮಾನು, ತಂತಿ, ತೋರಣ ತಾಗಬಾರದು. ಈ ದಾರಿ ಖಾಲಿ ಕಾಣುತ್ತದಲ್ಲ ಎಂದು ಗಣ್ಯರ ಕಾರುಗಳನ್ನು ತಂದು ಅಲ್ಲೇ ನಿಲ್ಲಿಸುತ್ತಾರೆ. ಎಷ್ಟು ಫಲಕ ಹಾಕಿದರೂ ಇದು ನಿಲ್ಲದು, ಒಬ್ಬ ಗಟ್ಟಿ ಆಳನ್ನೇ ನಿಲ್ಲಿಸಬೇಕು. ಹೃದಯ ನಿಂತವರಿಗೆ ಡಿಫಿಬ್ರಿಲೇಟರ್ (ಎದೆಗೆ ಕರೆಂಟ್ ಕೊಟ್ಟು ಹೃದಯದ ಬಡಿತ ಸರಿಪಡಿಸುವ ಯಂತ್ರ) ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ ಎಂಬುದು ಆ ಆಳಿಗೂ ಗೊತ್ತಿರಲಿ.

ಶೌಚಾಲಯದ ಲೆಕ್ಕವನ್ನು ಎಲ್ಲರೂ ಮುಜುಗರದಿಂದ ಬೇಗ ಮುಗಿಸುತ್ತಾರೆ. ಆರು ಗಂಟೆ ಮೀರಿದ ಕಾರ್ಯಕ್ರಮಕ್ಕೆ ಬ್ರಿಟನ್ನಿನ 1999ರ ಮಾರ್ಗಸೂಚಿಯಲ್ಲಿ 100 ಮಹಿಳೆಯರಿಗೆ ಒಂದು, 500 ಗಂಡಸರಿಗೆ ಒಂದು, ಜೊತೆಗೆ 150 ಗಂಡಸರಿಗೊಂದು ಮೂತ್ರದ ತೊಟ್ಟಿ ಎಂದಿತ್ತು. ದಿನವಿಡೀ ಜನ ಬಂದುಹೋಗುವ ಮೇಳಕ್ಕೆ ಇದು ಸರಿ. ಎಲ್ಲರೂ ಒಂದೇ ಬಾರಿ ಏಳುವ ಸಭೆಗೆ ಸಾಲದು. ಒಬ್ಬರಿಗೆ ಒಂದೂವರೆ ನಿಮಿಷ ಹಿಡಿದರೆ ಹದಿನೈದು ನಿಮಿಷದ ವಿರಾಮದಲ್ಲಿ ಒಂದು ಶೌಚಾಲಯ ಹತ್ತು ಜನರಿಗಷ್ಟೇ ಆಗುತ್ತದೆ, ಮಿಕ್ಕ ತೊಂಬತ್ತರಲ್ಲಿ ಮೂವತ್ತು ಜನ ಸಾಲಿನಲ್ಲಿದ್ದರೂ ವಿರಾಮ ಒಂದು ಗಂಟೆಗೆ ಎಳೆಯುತ್ತದೆ. ಮಹಿಳೆಯರ ಶೌಚಾಲಯ ಹೆಚ್ಚಿಸಿ, ಇಲ್ಲವೇ ವಿರಾಮ ಉದ್ದ ಮಾಡಿ. ರಾತ್ರಿಯಾದರೆ ಅಲ್ಲಿಗೆ ಹೋಗುವ ದಾರಿಗೂ ದೀಪ ಬೇಕು. ಕುಡಿಯುವ ನೀರನ್ನು ಒಂದೇ ಕಡೆ ರಾಶಿ ಹಾಕದೆ ಮೂರು ನಾಲ್ಕು ಕಡೆ ಇಡಿ, ಗೇಟಿನ ಬಾಯಲ್ಲಿ ಇಡಲೇಬೇಡಿ.

ಕರೆಂಟಿನ ವಿಷಯದಲ್ಲಿ ಅತಿ ದುಬಾರಿಯಾಗುವ ತಪ್ಪು ಚಿಕ್ಕದು. ಜನರೇಟರ್ ಮೇಲೆ ಬರೆದ 62.5 ಕೆವಿಎ ಎಂದರೆ 0.8 ಪವರ್ ಫ್ಯಾಕ್ಟರಿನಲ್ಲಿ (ಅಂದರೆ ಹತ್ತರಲ್ಲಿ ಎಂಟು ಪಾಲು ಮಾತ್ರ ನಿಜವಾಗಿ ಕೆಲಸಕ್ಕೆ ಬಂದಾಗ) 50 ಕಿಲೋವಾಟ್. ಅದರಲ್ಲೂ ಮುಕ್ಕಾಲು ಪಾಲು, ಸುಮಾರು 37 ಕಿಲೋವಾಟ್‌ವರೆಗೆ ಮಾತ್ರ ಹೊರೆ ಹಾಕಿ, ಮೋಟರ್ ಚಾಲೂ ಆಗುವಾಗ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಹೊರೆಯನ್ನು ಮೂರೂ ಫೇಸಿಗೆ ಸಮನಾಗಿ ಹಂಚಬೇಕು. ಈಗ ಆ ಚಿಕ್ಕ ತಪ್ಪು: ನ್ಯೂಟ್ರಲ್ ತಂತಿಯ, ಅಂದರೆ ಕರೆಂಟ್ ಮರಳಿಹೋಗುವ ತಂತಿಯ, ಬೋಲ್ಟ್ ಸಡಿಲ. ತ್ರೀ ಫೇಸ್ ಸಂಪರ್ಕದಲ್ಲಿ ನ್ಯೂಟ್ರಲ್ ಬಿಟ್ಟುಹೋದರೆ 230 ವೋಲ್ಟ್ ಬರಬೇಕಾದ ಕಡೆ ಹೊರೆ ಕಡಿಮೆಯಿರುವ ಫೇಸಿನಲ್ಲಿ ವೋಲ್ಟೇಜ್ 400ರ ಕಡೆಗೆ ಏರುತ್ತದೆ. ಹೊರೆ ಕಡಿಮೆಯಿರುವುದು ಹೆಚ್ಚಾಗಿ ಮಿಕ್ಸರ್, ಲ್ಯಾಪ್‌ಟಾಪ್, ವೈರ್‌ಲೆಸ್ ಮೈಕ್ ರಿಸೀವರ್ ಇರುವ ಫೇಸಿನಲ್ಲೇ. ಒಂದೇ ಕ್ಷಣದಲ್ಲಿ ಎಲ್ಲ ಸುಟ್ಟುಹೋಗುತ್ತವೆ, ದೊಡ್ಡ ದೀಪಗಳು ಮಾತ್ರ ಮಂಕಾಗಿ ಉರಿಯುತ್ತಿರುತ್ತವೆ. ಹಾಗಾಗಿ ಸಾಧನಗಳನ್ನು ಚುಚ್ಚುವ ಮೊದಲು ಎಲೆಕ್ಟ್ರಿಷಿಯನ್ ನ್ಯೂಟ್ರಲ್ ಬಿಗಿ ಮಾಡಿ, ಮೂರೂ ಫೇಸಿನ ವೋಲ್ಟೇಜ್ ಅಳೆದು ಬರೆದಿಡಲಿ. ಹೊರೆ ಹಾಕಿದ ಮೇಲೆ ಇನ್ನೊಮ್ಮೆ ಅಳೆಯಲಿ. ಜನ ಮುಟ್ಟುವ ಕಡೆ ಎಲ್ಲ ಲೈನಿಗೂ 30 ಮಿಲಿಆಂಪಿಯರಿಗೆ ಟ್ರಿಪ್ ಆಗುವ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಇರಬೇಕು. ಅದು ಪದೇ ಪದೇ ಟ್ರಿಪ್ ಆಗುತ್ತಿದೆ ಎಂದು ತಪ್ಪಿಸಿ ನೇರ ಜೋಡಿಸುವವರನ್ನು ಆ ಕ್ಷಣವೇ ತಡೆಯಿರಿ. ಅದು ಟ್ರಿಪ್ ಆಗುವುದೇ ಎಲ್ಲೋ ಕರೆಂಟ್ ಸೋರುತ್ತಿರುವುದಕ್ಕೆ.

ಧ್ವನಿ ಬಯಲಿನಲ್ಲಿ ದೂರ ದುಪ್ಪಟ್ಟಾದಂತೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹತ್ತು ಮೀಟರಿನಲ್ಲಿ 100 ಇದ್ದದ್ದು ಎಂಬತ್ತು ಮೀಟರಿನಲ್ಲಿ 82. ಹಿಂದಿನವರಿಗೆ ಕೇಳಿಸುತ್ತಿಲ್ಲ ಎಂದು ಮುಂದಿನ ಸ್ಪೀಕರ್ ಜೋರು ಮಾಡಿದರೆ ಮೊದಲ ಸಾಲಿನವರ ಕಿವಿ ಹೋಗುತ್ತದೆ, ಹಿಂದಿನವರಿಗೆ ಆಗಲೂ ಮಾತು ಬಿಡಿಸಿ ಕೇಳುವುದಿಲ್ಲ. ನಡುವೆ ಇನ್ನೊಂದು ಜೊತೆ ಸ್ಪೀಕರ್ ನಿಲ್ಲಿಸುವುದು ಸರಿಯಾದ ದಾರಿ. ಆದರೆ ವೇದಿಕೆಯ ಸದ್ದು 40 ಮೀಟರ್ ಬರಲು 117 ಮಿಲಿಸೆಕೆಂಡ್ ಬೇಕು, ತಂತಿಯಲ್ಲಿ ಹೋದದ್ದು ಕೂಡಲೇ ತಲುಪುತ್ತದೆ. ಅಷ್ಟು ತಡ ಕೊಡದಿದ್ದರೆ ಪ್ರತಿ ಮಾತೂ ಎರಡು ಸಲ ಕೇಳುತ್ತದೆ. ಸೌಂಡಿನವರಿಗೆ "ಡಿಲೇ ಹಾಕಿದ್ದೀರಾ" ಎಂದು ಕೇಳಿ, ನೀವೇ ಕೊನೆಯ ಸಾಲಿಗೆ ಹೋಗಿ ನಿಂತು ಒಬ್ಬರಿಂದ ಮಾತಾಡಿಸಿ ನೋಡಿ. ಹಾಡು ಹಾಕಿ ಪರೀಕ್ಷೆ ಮಾಡುವುದರಿಂದ ಈ ದೋಷ ಗೊತ್ತಾಗುವುದಿಲ್ಲ. ವೈರ್‌ಲೆಸ್ ಎಷ್ಟೇ ಇರಲಿ, ಪೋಡಿಯಂನಲ್ಲಿ ತಂತಿಯ ಮೈಕ್ ಒಂದಿರಲಿ.

ವೇದಿಕೆಯ ನಿಮಿಷಪಟ್ಟಿಯಲ್ಲಿ ಸಮಯ ಸೋರುವುದು ಭಾಷಣದಲ್ಲಿ ಎಂದು ಎಲ್ಲರೂ ಭಾವಿಸುತ್ತಾರೆ. ಬಹುಮಾನ ವಿತರಣೆ ಅದಕ್ಕಿಂತ ಕೆಟ್ಟದ್ದು. ಪಟ್ಟಿಯಲ್ಲಿ "ಬಹುಮಾನ ವಿತರಣೆ, 10 ನಿಮಿಷ" ಎಂದಿರುತ್ತದೆ, ಪಡೆಯುವವರು ಇಪ್ಪತ್ತು ಜನ. ಹೆಸರು ಕರೆದು, ಕುಳಿತಲ್ಲಿಂದ ಎದ್ದು ಬಂದು, ಸ್ವೀಕರಿಸಿ, ಫೋಟೋ ತೆಗೆಸಿಕೊಂಡು ಇಳಿಯಲು ತಲಾ 75 ಸೆಕೆಂಡ್ ಹಿಡಿದರೂ 25 ನಿಮಿಷ. ವೇದಿಕೆಯ ಪಕ್ಕ ಮೂರು ಕುರ್ಚಿ ಹಾಕಿ ಮುಂದಿನ ಮೂವರನ್ನು ಅಲ್ಲಿ ತಂದು ಕೂರಿಸಿ. ಹತ್ತುವ ಮೆಟ್ಟಿಲು ಒಂದು ಕಡೆ, ಇಳಿಯುವುದು ಇನ್ನೊಂದು ಕಡೆ. ಬಹುಮಾನದ ಫಲಕಗಳ ಹಿಂದೆ ಕ್ರಮಸಂಖ್ಯೆ ಅಂಟಿಸಿ. ನಿಂತು ಫೋಟೋ ತೆಗೆಸುವ ಜಾಗಕ್ಕೆ ನೆಲದ ಮೇಲೆ ಟೇಪು ಹಾಕಿ. ಇಷ್ಟಾದರೆ ತಲಾ 40 ಸೆಕೆಂಡಿಗೆ ಇಳಿಯುತ್ತದೆ. ಪಟ್ಟಿಯಲ್ಲಿ ಪ್ರತಿ ಗಂಟೆಗೂ ಐದು ನಿಮಿಷ ಖಾಲಿ ಬಿಡಿ, ತಡವಾದರೆ ಯಾವ ಅಂಶ ಕೈಬಿಡುವುದು ಎಂಬುದನ್ನು ಮೊದಲೇ ಗುರುತು ಹಾಕಿಡಿ. ವೇದಿಕೆಯ ಪಕ್ಕ ನಿಂತು ಪಿಸುಗುಟ್ಟಿ ನಿರ್ಧರಿಸಿದರೆ ಯಾವಾಗಲೂ ಎಳೆಯ ಕಲಾವಿದರ ಅವಕಾಶವೇ ಕತ್ತರಿಸಿಹೋಗುತ್ತದೆ.

ಪರವಾನಗಿ, ವಿಮೆ, ಹಾಡುಗಳ ಹಕ್ಕು, ಬಜೆಟ್ಟಿನಲ್ಲಿ ಶೇ. 10ರಿಂದ 15 ಮೀಸಲು, ಇವೆಲ್ಲ ಗೊತ್ತಿರುವ ಸಂಗತಿ. ಒಂದೇ ಮಾತು: ಬಾಯಿಮಾತಿನ ಒಪ್ಪಿಗೆಯನ್ನು ಒಪ್ಪಿಗೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಯಾರದು ಎಂಬುದಂತೂ ಕಾಗದದ ಮೇಲೆ ಇರಲೇಬೇಕು. ಅಮೆರಿಕದ ಇಂಡಿಯಾನಾ ರಾಜ್ಯ ಮೇಳದಲ್ಲಿ 2011ರ ಆಗಸ್ಟ್ 13ರಂದು ಬಿರುಗಾಳಿಗೆ ವೇದಿಕೆಯ ಚಾವಣಿ ಕುಸಿದು ಏಳು ಜನ ಸತ್ತರು. ಚಾವಣಿಯನ್ನು ಹಿಡಿದಿದ್ದ ತಂತಿಗಳನ್ನು ಕಟ್ಟಿದ್ದ ಕಾಂಕ್ರೀಟ್ ತಡೆಗಳು ಗಾಳಿಯ ಎಳೆತಕ್ಕೆ ಜರುಗಿದವು. ಬಿರುಗಾಳಿ ಬರುತ್ತಿದೆ ಎಂಬ ಸೂಚನೆಯಿತ್ತು, ನಿಲ್ಲಿಸಿ ಎನ್ನುವ ಅಧಿಕಾರ ಯಾರಲ್ಲಿದೆ ಎಂಬುದೇ ಸ್ಪಷ್ಟವಿರಲಿಲ್ಲ ಎಂದು ಆಮೇಲಿನ ತನಿಖೆ ಹೇಳಿತು. ಪೆಂಡಾಲ್, ಟ್ರಸ್ (ಚಾವಣಿ, ದೀಪಗಳನ್ನು ಹೊರುವ ಲೋಹದ ಚೌಕಟ್ಟು) ಹಾಕುವವರಿಂದ ಅದು ತಡೆಯುವ ಗಾಳಿಯ ವೇಗವನ್ನು ಬರಹದಲ್ಲಿ ಪಡೆಯಿರಿ. ಮಿತಿ ಸೆಕೆಂಡಿಗೆ 15 ಮೀಟರ್ ಎಂದಿದ್ದರೆ 9ಕ್ಕೆ ಎಚ್ಚರಿಕೆ, 12ಕ್ಕೆ ಬ್ಯಾನರ್, ಪರದೆ ಇಳಿಸುವುದು, 15 ಮುಟ್ಟುವ ಮೊದಲೇ ಕೆಳಗಿನವರನ್ನು ತೆರವು ಮಾಡುವುದು ಎಂದು ಹಂತ ಕಟ್ಟಿಕೊಳ್ಳಿ. ಗಾಳಿ ಅಳೆಯುವ ಯಂತ್ರ ಚಾವಣಿಯ ಎತ್ತರದಲ್ಲಿರಲಿ, ನೆಲದ ಮೇಲೆ ಗಾಳಿ ಕಡಿಮೆ ತೋರಿಸುತ್ತದೆ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆಯಾದರೆ ಸಿಡಿಲು 10 ಕಿಲೋಮೀಟರಿನೊಳಗೆ ಬಂದಿದೆ ಎಂದರ್ಥ, ಬಯಲಿನ ಕಾರ್ಯಕ್ರಮ ನಿಲ್ಲಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ನಿಲ್ಲಿಸುವವರು ಒಬ್ಬರೇ ಇರಲಿ, ಅವರಿಗೆ ಬದಲಿ ಒಬ್ಬರು. ಪ್ರಾಯೋಜಕರಾಗಲಿ ಮುಖ್ಯ ಅತಿಥಿಯಾಗಲಿ ಆ ಮಾತನ್ನು ಮೀರುವಂತಿರಬಾರದು.

ಆ ಮಾತು ಗೇಟಿಗೆ ತಲುಪಲು ವಾಕಿಟಾಕಿ ಬೇಕು, ದೊಡ್ಡ ಗುಂಪಿನ ನಡುವೆ ಮೊಬೈಲ್ ಸಿಗುವುದಿಲ್ಲ. ಗೇಟಿನವರಿಗೆ ಒಂದು ಚಾನಲ್, ವೇದಿಕೆಗೆ ಒಂದು, ತುರ್ತಿಗೆ ಖಾಲಿ ಬಿಟ್ಟ ಒಂದು. ನಿರೂಪಕರ ಕೈಯಲ್ಲಿ ತೆರವು ಘೋಷಣೆಯ ನಾಲ್ಕು ಸಾಲು ಮೊದಲೇ ಬರೆದು ಕೊಟ್ಟಿರಬೇಕು, ಗಾಬರಿಯಲ್ಲಿ ಹೊಸದಾಗಿ ಮಾತು ಹುಟ್ಟದು. ಮಗು ಕಳೆದುಹೋದರೆ ಅದರ ಹೆಸರು, ಬಟ್ಟೆಯ ಬಣ್ಣ ಮೈಕಿನಲ್ಲಿ ಹೇಳಬೇಡಿ, ಯಾರು ಬೇಕಾದರೂ ತಂದೆ ತಾಯಿ ಎಂದು ಬಂದಾರು. ವಿವರ ವಾಕಿಟಾಕಿಯಲ್ಲಿ ಹೋಗಲಿ, ಸಿಕ್ಕ ಮಗುವಿನ ಜೊತೆ ಸದಾ ಇಬ್ಬರಿರಲಿ.

ಕಳಚಿದ ಸಾಮಾನು ಒಯ್ಯುವ ಲಾರಿಗಳು ಕೊನೆಯ ಪ್ರೇಕ್ಷಕರು ಹೊರಟ ಮೇಲಷ್ಟೇ ಒಳಗೆ ಬರಬೇಕು. ಬಾಡಿಗೆ ಉಳಿಸಲು ಬೆಳಗಿನಿಂದ ದುಡಿದು ದಣಿದ ತಂಡಕ್ಕೇ ರಾತ್ರಿ ಟ್ರಸ್ ಬಿಚ್ಚಲು ಹೇಳುವುದು ವಾಡಿಕೆ. ಅದಕ್ಕೆ ಬೇರೆ ತಂಡ ತರಿಸಿ, ಅಥವಾ ಜಾಗವನ್ನು ಮರುದಿನ ಮಧ್ಯಾಹ್ನದವರೆಗೆ ಬಾಡಿಗೆಗೆ ಹಿಡಿಯಿರಿ, ಈ ಖರ್ಚು ಮೊದಲ ಬಜೆಟ್ಟಿನಲ್ಲೇ ಬರಲಿ.