ಮೀಟರ್ ಹೇಳದ್ದನ್ನು ಗಾಡಿಯ ಹೊಟ್ಟೆ ಹೇಳುತ್ತದೆ

ನಾನು ಮೊದಲು ಕೊಂಡ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಎಲ್ಲವೂ ಇತ್ತು, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಒಂದನ್ನು ಬಿಟ್ಟು. ಗೇರ್‌ಬಾಕ್ಸಿನ ಬೆನ್ನಿಗಿರುವ ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಆಕ್ಸಲ್‌ಗೆ ಬಲ ಸಾಗಿಸುವ ದಂಡ ಅದು. ಸದ್ದು ಮಾಡುತ್ತದೆಂದು ಹಿಂದಿನ ಮಾಲೀಕರು ಯಾವತ್ತೋ ಬಿಚ್ಚಿಸಿ ಹಾಕಿದ್ದರು. ಒಳಗಿನ ಸಣ್ಣ ಲಿವರ್ ಮಾತ್ರ ಸೊಗಸಾಗಿ ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು, ಹಸಿರು ದೀಪವೂ ಹೊತ್ತಿಕೊಳ್ಳುತ್ತಿತ್ತು. ಮೊದಲ ಮಳೆಗೆ ಕೆಸರಿನ ಏರಿನಲ್ಲಿ ಹಿಂದಿನ ಚಕ್ರಗಳು ಗಿರ್ರೆಂದು ತಿರುಗುತ್ತಾ ಹೂತುಹೋದವು. ಮುಂದಿನವು ತಮಗೆ ಸಂಬಂಧವೇ ಇಲ್ಲದವರಂತೆ ಸುಮ್ಮನೆ ನಿಂತಿದ್ದವು. ಕೊಳ್ಳುವಾಗ ನಾನು ನೋಡಿದ್ದು ಬಣ್ಣ, ಸೀಟು ಮತ್ತು ಮೀಟರಿನ ಕಿಲೋಮೀಟರ್ ಲೆಕ್ಕ. ಬಗ್ಗಿ ಕೆಳಗೆ ನೋಡಿರಲಿಲ್ಲ.

ಆ ಪೆಟ್ಟು ತಿಂದ ಮೇಲೆ ಅರ್ಥವಾದದ್ದು ಇಷ್ಟು: ಇಂಥ ಗಾಡಿಗೆ ಸಾಮರ್ಥ್ಯ ಎಲ್ಲಿಂದ ಬರುತ್ತದೋ ಸವೆತವೂ ಅಲ್ಲೇ ಮನೆ ಮಾಡಿರುತ್ತದೆ. ಹಾಗಾಗಿ ಗಾಡಿ ಹೇಗೆ ಕೆಲಸ ಮಾಡುತ್ತದೆಂದು ತಿಳಿದವನಿಗೆ ಎಲ್ಲಿ ನೋಡಬೇಕೆಂದು ಬೇರೆ ಹೇಳಿಕೊಡಬೇಕಿಲ್ಲ.

ಡಿಫರೆನ್ಷಿಯಲ್‌ನಿಂದಲೇ ಶುರುಮಾಡೋಣ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಒಂದೇ ಆಕ್ಸಲ್‌ನ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಅನುವು ಮಾಡಿಕೊಡುವುದೇ ಡಿಫರೆನ್ಷಿಯಲ್‌ನ ಕೆಲಸ. ಅದು ಎರಡೂ ಕಡೆಗೆ ಹೆಚ್ಚುಕಡಿಮೆ ಸಮನಾದ ತಿರುಚುಬಲವನ್ನು ಹಂಚುತ್ತದೆ. ಕೇಳಲು ನ್ಯಾಯವಾಗಿಯೇ ಇದೆ, ಆದರೆ ತೊಡಕು ಇರುವುದೂ ಇಲ್ಲೇ. ನೊಗದ ಒಂದು ಕಡೆಯ ಎತ್ತು ಎಳೆಯುವುದನ್ನು ಬಿಟ್ಟರೆ ಇನ್ನೊಂದು ಎಷ್ಟೇ ಮುನ್ನುಗ್ಗಿದರೂ ನೊಗ ಓರೆಯಾಗುತ್ತದೆಯೇ ಹೊರತು ಬಂಡಿ ಕದಲುವುದಿಲ್ಲ. ಹಾಗೆಯೇ ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬೇಕಾದ ಅತ್ಯಲ್ಪ ಬಲವೇ ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಸಿಗುವುದು. ನಾಲ್ಕು ಚಕ್ರಕ್ಕೆ ಚಾಲನೆ ಇದೆಯೆಂದು ಬೀಗುವ ಗಾಡಿ, ಮುಂದೊಂದು ಹಿಂದೊಂದು ಚಕ್ರ ನೆಲ ಬಿಟ್ಟರೆ ನಿಂತಲ್ಲೇ ನಿಲ್ಲುತ್ತದೆ. ಇದಕ್ಕೆ ಪರಿಹಾರ ಎರಡು. ಡಿಫರೆನ್ಷಿಯಲ್ಲನ್ನೇ ಬಂಧಿಸುವ ಲಾಕರ್ ಒಂದು. ಸುಮ್ಮನೆ ತಿರುಗುವ ಚಕ್ರಕ್ಕೆ ಬ್ರೇಕ್ ಹಾಕಿ ಬಲವನ್ನು ಇನ್ನೊಂದಕ್ಕೆ ದಾಟಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಮತ್ತೊಂದು. ಕೊಳ್ಳುವ ಗಾಡಿಯಲ್ಲಿ ಇವುಗಳಲ್ಲಿ ಯಾವುದಿದೆ, ಅದು ಕೆಲಸ ಮಾಡುತ್ತಿದೆಯೇ ಎಂಬುದು ಬಾನೆಟ್ಟಿನ ಮೇಲಿನ ಸ್ಟಿಕ್ಕರ್‌ಗಿಂತ ಮುಖ್ಯ.

ಹಳೆಯ ಮಾದರಿಯ ಗಾಡಿಗಳಲ್ಲಿ ಹಿಂದಿನ ಚಾಲನೆಯೇ ನಿತ್ಯದ್ದು. ಬೇಕೆಂದಾಗ ಮಾತ್ರ ಮುಂದಿನ ಆಕ್ಸಲ್ ಸೇರಿಕೊಳ್ಳುತ್ತದೆ. ಸೇರಿದಾಗ ಹಿಂದು ಮುಂದಿನ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳಿಗೆ ಹೆಚ್ಚು ದೂರ ಹೋಗುವ ಆಸೆ, ಹಿಂದಿನವಕ್ಕೆ ಕಡಿಮೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಸ್ಥಿತಿ. ಕೆಸರಿನಲ್ಲಾದರೆ ಟೈರು ಜಾರಿ ಜಗಳ ತೀರುತ್ತದೆ. ಒಣ ಡಾಂಬರಿನ ಮೇಲೆ ಹಿಡಿತ ಗಟ್ಟಿ, ಹಾಗಾಗಿ ಒತ್ತಡವೆಲ್ಲ ಗೇರು, ಶಾಫ್ಟುಗಳಲ್ಲಿ ಕೂಡಿಕೊಳ್ಳುತ್ತದೆ. ಈ ಜಗಳವನ್ನು ಪರೀಕ್ಷೆಗೂ ಬಳಸಿಕೊಳ್ಳಬಹುದು. ಸಡಿಲ ಮಣ್ಣಿನ ಬಯಲಿನಲ್ಲಿ ಮುಂದಿನ ಚಾಲನೆ ಸೇರಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ನಿಧಾನವಾಗಿ ಒಂದು ಸುತ್ತು ಹಾಕಿ. ಗಾಡಿ ಹಿಡಿದಂತೆ, ತಡೆತಡೆದು ಹೋದರೆ ಮುಂದಿನ ಆಕ್ಸಲ್ ಜೀವಂತ. ಬೆಣ್ಣೆಯಂತೆ ನಯವಾಗಿ ತಿರುಗಿದರೆ ಅನುಮಾನ ಪಡಿ. ನನ್ನದು ಬೆಣ್ಣೆಯಂತೆಯೇ ತಿರುಗುತ್ತಿತ್ತು. ಅದೇ ಸುತ್ತಿನಲ್ಲಿ ಚಕ್ರದ ಬಳಿ ಟಕ್ ಟಕ್ ಎಂದು ಲಯಬದ್ಧವಾಗಿ ಕೇಳಿದರೆ ಆಕ್ಸಲ್‌ನಿಂದ ಮುಂದಿನ ಚಕ್ರಕ್ಕೆ ಬಲ ಒಯ್ಯುವ ಶಾಫ್ಟಿನ ಕೀಲು ಸವೆದಿದೆ ಎಂದರ್ಥ.

ಇನ್ನು ಲೋ ರೇಂಜ್, ಅಂದರೆ ವೇಗ ಇಳಿಸಿ ಬಲ ಹೆಚ್ಚಿಸಲು ಟ್ರಾನ್ಸ್‌ಫರ್ ಕೇಸಿನೊಳಗಿರುವ ಹೆಚ್ಚುವರಿ ಗೇರು. ನನ್ನನ್ನು ಕೇಳಿದರೆ ದುರ್ಗಮ ದಾರಿಯ ಗಾಡಿಗೂ ದೊಡ್ಡ ಚಕ್ರದ ಪೇಟೆ ಕಾರಿಗೂ ನಿಜವಾದ ಗಡಿರೇಖೆ ಇದೇ. ಎಂಜಿನ್ 200 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತದೆ ಎನ್ನಿ. ಮೊದಲ ಗೇರು ಅದನ್ನು ನಾಲ್ಕು ಪಟ್ಟು ಮಾಡುತ್ತದೆ, ಆಕ್ಸಲ್‌ನ ಗೇರು ಮತ್ತೆ ನಾಲ್ಕು ಪಟ್ಟು: ಚಕ್ರಗಳಿಗೆ ತಲುಪುವುದು 3,200. ನಡುವೆ 2.5ರ ಲೋ ರೇಂಜ್ ಸೇರಿದರೆ 8,000. ಘರ್ಷಣೆಯ ನಷ್ಟವನ್ನು ಇಲ್ಲಿ ಬಿಟ್ಟಿದ್ದೇನೆ. ಬಲ ಎಷ್ಟು ಹೆಚ್ಚಿತೋ ವೇಗ ಅಷ್ಟೇ ಇಳಿಯುತ್ತದೆ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ, 75 ಸೆಂಟಿಮೀಟರ್ ವ್ಯಾಸದ ಟೈರಿನ ಗಾಡಿ ಗಂಟೆಗೆ ಮೂರು ಕಿಲೋಮೀಟರ್‌ಗೂ ಕಡಿಮೆ ವೇಗದಲ್ಲಿ ಸಾಗುತ್ತದೆ. ಮಗುವಿನ ಕೈ ಹಿಡಿದು ನಡೆದಷ್ಟು ನಿಧಾನ. ಬಂಡೆಗಳ ಮೇಲೆ ಬೇಕಾದದ್ದು ಈ ನಿಧಾನವೇ. ಸುಜುಕಿ ಜಿಮ್ನಿಯ ಲೋ ರೇಂಜ್ ಅನುಪಾತ ಸುಮಾರು ಎರಡು, ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನದು ನಾಲ್ಕು.

ಇದರಲ್ಲಿ ಮೀಟರಿನ ಸುಳ್ಳೊಂದು ಅಡಗಿದೆ. 2.5ರ ಲೋ ರೇಂಜಿನಲ್ಲಿ ಓಡಿದ ಹತ್ತು ಕಿಲೋಮೀಟರ್‌ನಲ್ಲಿ ಎಂಜಿನ್ ಇಪ್ಪತ್ತೈದು ಕಿಲೋಮೀಟರ್‌ನಷ್ಟು ತಿರುಗಿರುತ್ತದೆ, ಆಕ್ಸಲ್‌ನ ಗೇರುಗಳು ಎರಡೂವರೆ ಪಟ್ಟಿನವರೆಗೂ ಹೊರೆ ಹೊತ್ತಿರುತ್ತವೆ. ಆದ್ದರಿಂದ ಕಡಿಮೆ ಓಡಿದ ಗಾಡಿ ಎಂಬ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಗಾಡಿ ಮ್ಯಾನುಯಲ್ ಗೇರಿನದಾದರೆ ಲೋ ರೇಂಜ್, ಮೊದಲ ಗೇರಿನಲ್ಲಿ ಇಳಿಜಾರು ಇಳಿಸಿ, ಆಕ್ಸಿಲರೇಟರ್ ಮುಟ್ಟಬೇಡಿ. ಲಿವರ್ ತಾನಾಗಿ ಕಳಚಿಕೊಂಡು ನ್ಯೂಟ್ರಲ್‌ಗೆ ಹಾರಿದರೆ ಕೈ ಮುಗಿದು ಹೊರಡಿ.

ಗಾಡಿಗೆ ಕೆಸರಿಗಿಂತ ದೊಡ್ಡ ಶತ್ರು ನೀರು. ಅದು ಒಳಗೆ ನುಗ್ಗುವ ಬಗೆ ನನಗೆ ಇಂದಿಗೂ ಬೆರಗು. ಆಕ್ಸಲ್‌ನೊಳಗೆ ಎಣ್ಣೆಯ ಮೇಲೆ ಗಾಳಿ ಇರುತ್ತದೆ. ಓಡಿ ಓಡಿ ಅದು 80 ಡಿಗ್ರಿಗೆ ಕಾದಿದೆ ಎನ್ನೋಣ. ಹಿಗ್ಗಿದ ಗಾಳಿ ಹೇಗೋ ನುಸುಳಿ ಹೊರಬಿದ್ದಿರುತ್ತದೆ. ಈಗ ಗಾಡಿ 20 ಡಿಗ್ರಿಯ ಹೊಳೆಗೆ ಇಳಿಯುತ್ತದೆ. ಒಳಗಿನ ಗಾಳಿ ತಣಿದು ಕುಗ್ಗುತ್ತದೆ. ಬ್ರೀದರ್ ಎಂಬ ಸಣ್ಣ ಉಸಿರುಕೊಳವೆ ತೆರೆದಿದ್ದು, ಅದರ ತುದಿ ನೀರಿನಿಂದ ಮೇಲಿದ್ದರೆ ಚಿಂತೆಯಿಲ್ಲ. ಮಣ್ಣು ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಶೇಕಡಾ 17ರವರೆಗೂ ಕುಸಿಯಬಹುದು. ಅದು ಸುಮಾರು 1.7 ಮೀಟರ್ ಆಳದ ನೀರಿನ ಒತ್ತಡಕ್ಕೆ ಸಮ. ಮೊಣಕಾಲುದ್ದದ ಹೊಳೆ ಆಳುದ್ದದ ಬಾವಿಯಂತೆ, ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲನ್ನು ಒತ್ತುತ್ತದೆ. ಒಳಹೊಕ್ಕ ನೀರು ಎಣ್ಣೆಯೊಂದಿಗೆ ಕಡೆದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಆ ಎಣ್ಣೆ ಬೇರಿಂಗುಗಳನ್ನು ಕಾಯಲಾರದು.

ಆದ್ದರಿಂದ ಮಾರುವವರನ್ನು ಒಪ್ಪಿಸಿ ಆಕ್ಸಲ್‌ನ ಎಣ್ಣೆ ತುಂಬುವ ಪ್ಲಗ್ ಬಿಚ್ಚಿಸಿ, ಬೆರಳು ಅದ್ದಿ ನೋಡಿ. ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಲೂ ಬಿಟ್ಟರೆ ಇನ್ನೂ ಒಳ್ಳೆಯದು. ಹಲವು ಗಾಡಿಗಳಲ್ಲಿ ಅದಕ್ಕೊಂದು ಅಯಸ್ಕಾಂತವಿರುತ್ತದೆ. ಅದರ ಮೇಲೆ ಬೂದುಬಣ್ಣದ ನುಣುಪಾದ ಲೇಪ ಕಂಡರೆ ಅದು ವಯಸ್ಸಿನ ಗುರುತು. ಉಗುರಿಗೆ ಸಿಗುವಂಥ ಚೂರು ಕಂಡರೆ ಅದು ಗೇರಿನ ಹಲ್ಲು.

ನೀರಿನ ಇನ್ನೊಂದು ಕೆಲಸ ತುಕ್ಕು. ಗಾಡಿಯ ತಳದ ಚೌಕಟ್ಟಾದ ಚಾಸಿಸ್ ಎಂದರೆ ಬಹುತೇಕ ಟೊಳ್ಳು ಉಕ್ಕಿನ ಪೆಟ್ಟಿಗೆ. ನೀರು ಹರಿದುಹೋಗುವ ತೂತುಗಳು ಮುಚ್ಚಿಕೊಂಡರೆ ಒದ್ದೆ ಮಣ್ಣು ಒಳಗೇ ಉಳಿದು ಒಳಗಿನಿಂದಲೇ ತಿನ್ನುತ್ತದೆ. ಸಮುದ್ರತೀರದಲ್ಲಿ ಓಡಿದ ಗಾಡಿಯಾದರೆ ಉಪ್ಪು ಈ ಕೆಲಸಕ್ಕೆ ವೇಗ ಕೊಡುತ್ತದೆ. 1948ರಲ್ಲಿ ಬಂದ ಲ್ಯಾಂಡ್ ರೋವರ್, ಯುದ್ಧಾನಂತರ ಉಕ್ಕಿನ ಬರವಿದ್ದುದರಿಂದ ಅಲ್ಯೂಮಿನಿಯಂ ಮಿಶ್ರಲೋಹದ ಮೈ ಹೊತ್ತಿತ್ತು. ಅದಕ್ಕೆ ತುಕ್ಕಿಲ್ಲವೆಂದು ನಂಬಿದವರು ಮೋಸಹೋಗುತ್ತಾರೆ. ಕೆಳಗಿನ ಚೌಕಟ್ಟು ಉಕ್ಕಿನದೇ. ಎರಡು ಲೋಹ ಸೇರುವಲ್ಲಿ ನೀರು ನಿಂತರೆ ಅದೊಂದು ಪುಟ್ಟ ಬ್ಯಾಟರಿ, ಅಲ್ಯೂಮಿನಿಯಂ ತಾನು ಕರಗಿ ಬಿಳಿ ಪುಡಿಯಾಗುತ್ತದೆ.

ಮಾರ್ಪಾಡುಗಳ ಬಗ್ಗೆ ನಾನು ಜುಗ್ಗ. ಎತ್ತರಿಸಿದ ಗಾಡಿ ಚಿತ್ರದಲ್ಲಿ ಚೆನ್ನ. ಎಡಬಲ ಚಕ್ರಗಳ ನಡುವೆ 1,400 ಮಿಲಿಮೀಟರ್, ಗುರುತ್ವಕೇಂದ್ರ ನೆಲದಿಂದ 700 ಮಿಲಿಮೀಟರ್ ಇದ್ದರೆ ಗಾಡಿ ಉರುಳುವ ಓರೆ 45 ಡಿಗ್ರಿ. ಕೇಂದ್ರ 100 ಮಿಲಿಮೀಟರ್ ಮೇಲೇರಿದರೆ ಅದು 41. ಸ್ಪ್ರಿಂಗುಗಳು ಒಂದು ಬದಿಗೆ ವಾಲುವುದರಿಂದ ನಿಜದಲ್ಲಿ ಇನ್ನೂ ಕಡಿಮೆ. ಜೊತೆಗೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಕಡಿದಾಗಿ ಕೀಲುಗಳು ಬೇಗ ಸವೆಯುತ್ತವೆ. ಟೈರುಗಳು ನಾಲ್ಕೂ ಒಂದೇ ಅಳತೆಯವಾಗಿರಲಿ, ಅಷ್ಟು ಸಾಕು. ಸವೆದ ಟೈರನ್ನು ಸುಲಭವಾಗಿ ಬದಲಿಸಬಹುದು, ತುಕ್ಕು ತಿಂದ ಚಾಸಿಸ್ಸನ್ನಲ್ಲ.

ಈಗ ಗಾಡಿ ನೋಡಲು ಹೋಗುವಾಗ ನನ್ನ ಕೈಯಲ್ಲಿ ಒಂದು ಚಾಪೆ, ಟಾರ್ಚು, ಚಿಕ್ಕ ಸುತ್ತಿಗೆ. ಮಲಗಿಕೊಂಡು ಚಾಸಿಸ್ಸಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗುತ್ತೇನೆ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಪೊಳ್ಳಾದದ್ದು ದಪ್ ಎನ್ನುತ್ತದೆ. ಕಳೆದ ಸಲ ನೋಡಿದ ಗಾಡಿಯ ತಳಕ್ಕೆ ಹೊಚ್ಚಹೊಸ ಕಪ್ಪು ಬಣ್ಣ ಬಳಿದಿದ್ದರು, ನೋಡಲು ಮಿರಮಿರ ಮಿಂಚುತ್ತಿತ್ತು. ಹಿಂದಿನ ಚಕ್ರದ ಹತ್ತಿರ ಎರಡನೇ ಪೆಟ್ಟಿಗೇ ಅಂಗೈಯಗಲದ ಚಕ್ಕೆಯೊಂದು ಬಣ್ಣದ ಸಮೇತ ನನ್ನ ಎದೆಯ ಮೇಲೆ ಬಿತ್ತು. ಮಾರುವವರು ಬಗ್ಗಿ ನೋಡಿ, ಅದು ಬರೀ ಮಣ್ಣು ಎಂದರು.